ಸಕ್ಕರೆ ಕಾಯಿಲೆ ಯಾರ ತಪ್ಪು?



ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವುದು ನಮ್ಮ ಧರ್ಮಕೇಂದ್ರಗಳಲ್ಲಿ ಹಳೆಯ ವಾಡಿಕೆ. ಹಾಗೆ ಒಮ್ಮೆ ಸರಸ್ವತಿಪುರಂನ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರು ನಿವೃತ್ತ ಗುಮಾಸ್ತರು, ವಯಸ್ಸು ಎಪ್ಪತ್ತರ ಹತ್ತಿರ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಆ ತಿಂಗಳು ಅವರ ಬಲಗಾಲಿನ ಎರಡು ಬೆರಳುಗಳನ್ನು ತೆಗೆದಿದ್ದರು. ಪ್ರಾರ್ಥನೆ ಮುಗಿದು ಪರಮಪ್ರಸಾದ ಸ್ವೀಕರಿಸಿದ ಮೇಲೆ, ಬಟ್ಟೆ ಸುತ್ತಿದ ಕಾಲನ್ನೇ ನೋಡುತ್ತಾ ಅವರು ಕೇಳಿದರು: "ಸ್ವಾಮಿ, ಇದು ದೇವರು ಕೊಟ್ಟ ಶಿಕ್ಷೆಯೋ, ನಾನೇ ತಂದುಕೊಂಡದ್ದೋ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಅವರ ಹೆಂಡತಿ ಉತ್ತರ ಕೊಟ್ಟರು: "ದೇವರನ್ನ ಯಾಕೆ ಮಧ್ಯಕ್ಕೆ ಎಳೀತೀರಿ? ಬೇಡ ಬೇಡ ಅಂತ ಬಡ್ಕೊಂಡ್ರೂ ಕೇಳಿದ್ರಾ?" ಹಿರಿಯರು ತಲೆ ತಗ್ಗಿಸಿದರು. ಅಷ್ಟರಲ್ಲಿ ಸೊಸೆ ನನಗೆ ಕಾಫಿ ತಂದಿಟ್ಟರು, ಜೊತೆಗೆ ತಟ್ಟೆಯಲ್ಲಿ ಎರಡು ತುಂಡು ಮೈಸೂರು ಪಾಕ್. ಎಲ್ಲವೂ ದೇವರ ಚಿತ್ತ, ಧೈರ್ಯವಾಗಿರಿ ಎಂದು ಏನೋ ಹೇಳಿ, ಕೊಟ್ಟದ್ದನ್ನು ತಿಂದು ಹೊರಟುಬಂದೆ. ಅದು ಆ ಬೆಳಿಗ್ಗೆ ನಾನು ಕುಡಿದ ನಾಲ್ಕನೆಯ ಸಿಹಿ ಕಾಫಿ.

ದಾರಿಯುದ್ದಕ್ಕೂ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಆ ಹಿರಿಯರ ಪ್ರಶ್ನೆ ಇಂದು ನಮ್ಮ ನೂರಾರು ಮನೆಗಳ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. 31 ಕೋಟಿಗೂ ಹೆಚ್ಚು ಜನರಿಗೆ ರಕ್ತದೊತ್ತಡವಿದೆ. ಭಾನುವಾರ ಪೂಜೆಗೆ ಬಂದಾಗ ನಿಮ್ಮ ಬೆಂಚಿನಲ್ಲಿ ಕುಳಿತವರನ್ನು ಒಮ್ಮೆ ನೆನೆಯಿರಿ. ಒಬ್ಬರಿಗಾದರೂ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಕೂಡಿ ಯೋಚಿಸೋಣ.

ಎರಡು ಸುಲಭದ ಉತ್ತರಗಳು

ನಾನು ಅಂದು ಕೊಟ್ಟ ಉತ್ತರ ಒಂದು ಬಗೆಯದು: ಎಲ್ಲವೂ ದೇವರ ಚಿತ್ತ. ಕೇಳಲು ಇದು ಭಕ್ತಿಯ ಮಾತು. ಆದರೆ ಇದರ ಹಿಂದೆ ಎಷ್ಟೋ ಸಲ ಸೋಮಾರಿತನ ಅಡಗಿರುತ್ತದೆ. ದೇವರ ಚಿತ್ತವೆಂದು ಹೇಳಿ ಔಷಧ ಬಿಟ್ಟವರನ್ನು, ಪ್ರಾರ್ಥನೆಯಿಂದಲೇ ಸಕ್ಕರೆ ಇಳಿಯುತ್ತದೆ ಎಂದು ನಂಬಿ ಕಣ್ಣಿನ ದೃಷ್ಟಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಪ್ರಾರ್ಥಿಸು ಎಂದೂ ಹೇಳುತ್ತದೆ, ವೈದ್ಯನಿಗೆ ಅವನ ಸ್ಥಾನ ಕೊಡು ಎಂದೂ ಹೇಳುತ್ತದೆ. ಮದ್ದನ್ನು ಮಣ್ಣಿನಿಂದ ಹುಟ್ಟಿಸಿದವನೂ ದೇವರೇ ಎಂಬುದು ಅದರ ಬೋಧನೆ.

ಎರಡನೆಯದು ಆ ತಾಯಿ ಕೊಟ್ಟ ಉತ್ತರ: ನೀವೇ ಮಾಡಿಕೊಂಡದ್ದು. ಇಂದು ಇದೇ ಹೆಚ್ಚು ಕೇಳಿಬರುವ ಉತ್ತರ. ತಿಂದವನಿಗೆ ರೋಗ, ನಡೆಯದವನಿಗೆ ರೋಗ, ಅಂಕೆಯಿಲ್ಲದವನಿಗೆ ರೋಗ. ಇದರಲ್ಲಿ ಸ್ವಲ್ಪ ಸತ್ಯವಿರುವುದರಿಂದಲೇ ಇದು ಹೆಚ್ಚು ನೋಯಿಸುತ್ತದೆ. ಸಕ್ಕರೆ ಕಾಯಿಲೆಯೆಂದು ತಿಳಿದ ಕೂಡಲೇ ಅದನ್ನು ಮನೆಯವರಿಂದ ಮುಚ್ಚಿಡುವವರು, ಅಪರಾಧಿಯಂತೆ ಬದುಕುವವರು ನಮ್ಮ ನಡುವೆ ಇದ್ದಾರೆ. ನಾಚಿಕೆಯಿಂದ ಪರೀಕ್ಷೆ ಮಾಡಿಸಿಕೊಳ್ಳದೆ ತಡಮಾಡಿದವರೂ ಇದ್ದಾರೆ.

ಶಿಷ್ಯರ ಪ್ರಶ್ನೆ, ನಮ್ಮ ಊರಿನ ಉತ್ತರ

ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ. ಪಾಪ ಮಾಡಿದವನು ಇವನೋ, ಇವನನ್ನು ಹೆತ್ತವರೋ? ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕುತ್ತಾರೆ. ಅವರ ಗಮನ ರೋಗದ ಹಿಂದಿನ ತಪ್ಪಿನ ಮೇಲಿಲ್ಲ, ಮುಂದೆ ಆಗಬೇಕಾದ ದೇವರ ಕಾರ್ಯದ ಮೇಲಿದೆ. ಆ ಕೂಡಲೇ ಅವರು ಮಣ್ಣು ಕಲಸಿ ಕೆಲಸಕ್ಕೆ ಇಳಿಯುತ್ತಾರೆ.

ಈ ವಾಕ್ಯವನ್ನು ಧ್ಯಾನಿಸುವಾಗೆಲ್ಲ ನನಗೆ ನಮ್ಮ ಮೈಸೂರಿನದೇ ಒಂದು ಸಂಗತಿ ನೆನಪಾಗುತ್ತದೆ. ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಹಳಬರಿಗೆ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕಗಳು ಉಳಿದುಕೊಂಡವು. 1990ರ ದಶಕದಲ್ಲಿ ಸಂಶೋಧಕರು ಆಸ್ಪತ್ರೆಯ ಸುತ್ತಮುತ್ತ ಮನೆಮನೆಗೆ ಹೋಗಿ, ಅಂದು ಹುಟ್ಟಿದವರಲ್ಲಿ 517 ಮಂದಿ ಗಂಡಸರು ಹೆಂಗಸರನ್ನು ಪತ್ತೆಹಚ್ಚಿ ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಗಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕೆಜಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯೂ ಬಡಕಲಾಗಿದ್ದ ಕಡೆ ರೋಗ ಇನ್ನೂ ಹೆಚ್ಚಾಗಿತ್ತು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಮತ್ತೊಂದು ಅಧ್ಯಯನ ಆರಂಭವಾಯಿತು. ಅವರ ಮಕ್ಕಳನ್ನು ವರ್ಷ ವರ್ಷವೂ ಗಮನಿಸುತ್ತಾ ಬಂದರು. ಬಸುರಿನಲ್ಲಿ ಮಧುಮೇಹ ಕಾಣಿಸಿಕೊಂಡ ತಾಯಂದಿರ ಮಕ್ಕಳ ಮೈಯಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಎಳೆಯ ವಯಸ್ಸಿನಲ್ಲೇ ಕೊಬ್ಬಿನಂಶ ಹೆಚ್ಚಾಗಿರುವುದು ಕಂಡುಬಂತು. ಅಂದರೆ ತಾಯಿಯ ಹಸಿವೂ ಮಗುವಿನ ಮೈಯಲ್ಲಿ ಗುರುತು ಬಿಡುತ್ತದೆ, ತಾಯಿಯ ರಕ್ತದ ಸಕ್ಕರೆಯೂ ಗುರುತು ಬಿಡುತ್ತದೆ.

ಓದುಗರೇ, ಆದಿಕಾಂಡದಲ್ಲಿ ಫರೋಹನು ಕಂಡ ಕನಸು ನಿಮಗೆ ಗೊತ್ತಿದೆ. ಏಳು ಕೊಬ್ಬಿದ ಹಸುಗಳು, ಏಳು ಬಡಕಲು ಹಸುಗಳು. ನಮ್ಮ ತಲೆಮಾರುಗಳ ಕಥೆ ಅದರ ತಿರುವು. ನಮ್ಮ ಅಜ್ಜಿಯರು ಬರಗಾಲ, ರೇಷನ್ನು, ಹತ್ತು ಹೆರಿಗೆಗಳ ನಡುವೆ ಅರೆಹೊಟ್ಟೆ ಉಂಡವರು. ಅವರ ಮಕ್ಕಳ ಮೈ ಬಡಕಲು ವರ್ಷಗಳಿಗೆ ಹೊಂದಿಕೊಂಡೇ ಹುಟ್ಟಿತು. ಆಮೇಲೆ ಕೊಬ್ಬಿದ ವರ್ಷಗಳು ಬಂದವು: ಪಾಲಿಶ್ ಮಾಡಿದ ಬಿಳಿ ಅಕ್ಕಿ, ಅಗ್ಗದ ಎಣ್ಣೆ, ಸಕ್ಕರೆ, ಕುರ್ಚಿಯ ಮೇಲಿನ ಕೆಲಸ, ಮನೆ ಬಾಗಿಲಿಗೆ ಸ್ಕೂಟರು. ಬರಕ್ಕೆ ಸಿದ್ಧವಾದ ಮೈಗೆ ಸಮೃದ್ಧಿಯೇ ಭಾರವಾಯಿತು.

ಹಾಗಿರುವಾಗ ಆ ಗುಮಾಸ್ತರ ಕಾಲಿಗೆ ಬಂದ ಕುತ್ತಿನಲ್ಲಿ ಎಷ್ಟು ಪಾಲು ಅವರದು? ಎಷ್ಟು ಪಾಲು ಅವರ ಹುಟ್ಟಿನದು? ಅದನ್ನು ತೂಗಬಲ್ಲ ತಕ್ಕಡಿ ನಮ್ಮ ಕೈಯಲ್ಲಿಲ್ಲ. ತೂಗಲಾಗದ್ದಕ್ಕೆ ತೀರ್ಪು ಕೊಡುವುದು ಅನ್ಯಾಯ.

ತಪ್ಪು ಬೇರೆ, ಹೊಣೆ ಬೇರೆ

ಹಾಗಾದರೆ ಯಾರಿಗೂ ಯಾವ ಹೊಣೆಯೂ ಇಲ್ಲವೇ? ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ತಪ್ಪು ಕಳೆದುಹೋದದ್ದನ್ನು ನೋಡುತ್ತದೆ, ಹೊಣೆ ಮುಂದಿರುವುದನ್ನು ನೋಡುತ್ತದೆ. ಅಪ್ಪ ಬಿಟ್ಟುಹೋದ ಸಾಲ ಮಗನ ತಪ್ಪಲ್ಲ. ಆದರೂ ಮನೆ ಉಳಿಸಿಕೊಳ್ಳುವ ಹೊಣೆ ಮಗನದೇ. ದೇಹವೂ ಹಾಗೆಯೇ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಕಟ್ಟಳೆಯನ್ನು ವಿವರಿಸುವಾಗ ಈ ವಿಷಯಕ್ಕೆ ಬರುತ್ತದೆ. ಜೀವ ಮತ್ತು ಆರೋಗ್ಯ ದೇವರು ನಮಗೆ ಒಪ್ಪಿಸಿದ ಅಮೂಲ್ಯ ಕೊಡುಗೆಗಳು, ಅವುಗಳನ್ನು ವಿವೇಕದಿಂದ ನೋಡಿಕೊಳ್ಳಬೇಕು, ಆದರೆ ದೇಹವನ್ನೇ ದೇವರನ್ನಾಗಿ ಮಾಡಿಕೊಳ್ಳಬಾರದು ಎಂಬುದು ಅದರ ಸಾರ. ಊಟ, ಮದ್ಯ, ತಂಬಾಕು ಇವುಗಳಲ್ಲಿ ಅತಿಯನ್ನು ಬಿಡಿಸುವ ಗುಣವನ್ನು ಅದು ಮಿತಸಂಯಮ ಎನ್ನುತ್ತದೆ. ಗುರುಮಠದಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ಹೊಟ್ಟೆಬಾಕತನದಲ್ಲಿ ಐದು ಬಗೆ ಕಂಡರು: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ತಿನ್ನುವುದು, ನಾಜೂಕಿನ ಅಡುಗೆಗೇ ಹಟ ಹಿಡಿಯುವುದು. ಇವುಗಳಲ್ಲಿ ಒಂದು ಮಾತ್ರ ಪ್ರಮಾಣಕ್ಕೆ ಸೇರಿದ್ದು, ಉಳಿದವು ಮನಸ್ಸಿಗೆ ಸೇರಿದವು. ತೆಳ್ಳಗಿರುವವರು ತಾವು ಈ ದೋಷದಿಂದ ಪಾರಾದೆವೆಂದು ತಿಳಿಯಬೇಕಾಗಿಲ್ಲ!

ಅವರಿಗೂ ಮುಂಚಿನ ಅರಿಸ್ಟಾಟಲ್ ಹೇಳಿದ್ದು ಇನ್ನೂ ಉಪಯುಕ್ತ. ಒಬ್ಬನಿಗೆ ಹತ್ತು ಸೇರು ಹೆಚ್ಚು, ಎರಡು ಸೇರು ಕಡಿಮೆ ಎಂದ ಮಾತ್ರಕ್ಕೆ ಎಲ್ಲರಿಗೂ ಆರು ಸೇರು ಸರಿಯೆಂದಲ್ಲ. ಗರಡಿಯ ಜಟ್ಟಿಗೆ ಅದು ಸಾಲದು, ಹೊಸಬನಿಗೆ ಅದೇ ಅತಿ. ಅವರವರ ಅಳತೆಯನ್ನು ವಿವೇಕವೇ ಕಂಡುಕೊಳ್ಳಬೇಕು. ಹಾಗೆಯೇ ಸದ್ಗುಣವು ಉಪದೇಶ ಕೇಳುವುದರಿಂದ ಬರುವುದಿಲ್ಲ, ಮಾಡಿ ಮಾಡಿ ಅಭ್ಯಾಸವಾಗುವುದರಿಂದ ಬರುತ್ತದೆ ಎಂದೂ ಅವನು ಕಲಿಸಿದ.

ಅಭ್ಯಾಸ ಬದಲಾದರೆ ಪ್ರಯೋಜನವಿದೆಯೇ? ಇದೆ. ಚೆನ್ನೈಯಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಊಟವನ್ನು ತಿದ್ದಿಕೊಂಡು ಕ್ರಮವಾಗಿ ನಡೆದವರಲ್ಲಿ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಶೇಕಡ 28ರಷ್ಟು ಕಡಿಮೆಯಾಗಿತ್ತು. ಪೂರ್ತಿ ತಪ್ಪಿತೆಂದಲ್ಲ. ಎಚ್ಚರದಿಂದಿದ್ದವರಿಗೂ ಕೆಲವರಿಗೆ ರೋಗ ಬಂತು. ನಮ್ಮ ಶ್ರಮಕ್ಕೆ ಬೆಲೆಯಿದೆ, ಆದರೆ ಎಲ್ಲವೂ ನಮ್ಮ ಕೈಯಲ್ಲಿಲ್ಲ. ಇದನ್ನು ತಿಳಿದವನು ಸೋಮಾರಿಯೂ ಆಗಲಾರ, ಪರರನ್ನು ದೂರುವವನೂ ಆಗಲಾರ.

ಒಬ್ಬ ತಾಯಿ ಎದ್ದುನಿಂತು ಕೇಳಿದ್ದು

ಕೆಲವು ವರ್ಷಗಳ ಹಿಂದೆ ಭಾನುವಾರದ ಪೂಜೆಯ ನಂತರ ನಮ್ಮ ಸಭಾಂಗಣದಲ್ಲಿ ಆರೋಗ್ಯದ ಬಗ್ಗೆ ಒಂದು ಉಪನ್ಯಾಸ ಏರ್ಪಡಿಸಿದ್ದೆವು. ಬಂದಿದ್ದ ಆಹಾರ ತಜ್ಞೆ ಚೆನ್ನಾಗಿ ಮಾತನಾಡಿದರು. ದಿನವೂ ಹಣ್ಣು, ತಟ್ಟೆಯ ಅರ್ಧದಷ್ಟು ತರಕಾರಿ, ವಾರಕ್ಕೆ ನೂರೈವತ್ತು ನಿಮಿಷ ಚುರುಕಿನ ನಡಿಗೆ, ದಿನಕ್ಕೆ ಒಂದು ಚಮಚಕ್ಕೂ ಕಡಿಮೆ ಉಪ್ಪು. ಎಲ್ಲವೂ ಸರಿಯಾದ ಮಾತು. ಕೊನೆಯಲ್ಲಿ, ಸರಸ್ವತಿಪುರಂನ ಮನೆಗಳಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಎದ್ದುನಿಂತು ಕೇಳಿದರು: "ಮೇಡಂ, ನಾನು ಬೆಳಿಗ್ಗೆ ಐದೂವರೆಗೆ ಎದ್ದು ನಾಲ್ಕು ಮನೆ ಕೆಲಸ ಮಾಡ್ತೀನಿ. ಮನೆಯೋರು ಕೊಡೋ ಟೀನೇ ನನ್ನ ತಿಂಡಿ. ಮೂರು ಗಂಟೆಗೆ ಮನೆಗೆ ಹೋಗಿ ಉಳಿದ ಅನ್ನ ಉಣ್ತೀನಿ. ಹಣ್ಣಿಗೆ ಎಲ್ಲಿಂದ ತರ್ಲಿ? ವಾಕಿಂಗ್‌ಗೆ ಯಾವಾಗ ಹೋಗ್ಲಿ?"

ಸಭೆಯಲ್ಲಿ ಕೆಲವರು ನಕ್ಕರು. ಆಕೆ ನಗಲಿಲ್ಲ. ಆಮೇಲೆ ನಾವು ಏನು ಮಾಡಿದೆವು ಗೊತ್ತೇ? ವಂದನಾರ್ಪಣೆ ಮುಗಿಸಿ ಎಲ್ಲರಿಗೂ ಜಿಲೇಬಿ, ಬೋಂಡ ಹಂಚಿದೆವು.

ನಮ್ಮ ಮೈಸೂರಿಗೆ ಅರಿವಿನ ಬರವಿಲ್ಲ. 1950ರಿಂದ ಇಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. 1961ರಲ್ಲಿ ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯ ಆರಂಭವಾಯಿತು. ಆಸ್ಪತ್ರೆಗಳಿಗೂ ವೈದ್ಯರಿಗೂ ಕೊರತೆಯಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಾಗುವ ಮುಂಚೆಯೇ ನಡೆಯುವವರ ಸಾಲು ಕಾಣುತ್ತದೆ. ಆದರೆ ಆ ಹೊತ್ತಿಗೆ ಆ ತಾಯಿ ಯಾರದೋ ಮನೆಯ ಅಂಗಳ ತೊಳೆಯುತ್ತಿರುತ್ತಾರೆ. ಆಕೆಯ ಪ್ರಶ್ನೆ ಅಜ್ಞಾನದಿಂದ ಬಂದದ್ದಲ್ಲ. ತಿಳಿದದ್ದನ್ನು ಮಾಡಲು ಆಕೆಗೆ ಹೊತ್ತಿಲ್ಲ, ಹಣವಿಲ್ಲ. ಆರೋಗ್ಯದ ಕಾಳಜಿಯ ಬಗ್ಗೆ ಹೇಳಿದ ಅದೇ ಜಾಗದಲ್ಲಿ ಧರ್ಮೋಪದೇಶ ಗ್ರಂಥವು ಸಮಾಜದ ಹೊಣೆಯನ್ನೂ ಎತ್ತಿ ಹೇಳುತ್ತದೆ. ಊಟ, ಬಟ್ಟೆ, ವಸತಿ, ಶಿಕ್ಷಣ, ಉದ್ಯೋಗ ಇವೆಲ್ಲವೂ ಆರೋಗ್ಯಕ್ಕೆ ಸೇರಿದವೇ. ಮನೆಗೆಲಸದಾಕೆಗೆ ಸಕ್ಕರೆ ಟೀಯ ಬದಲು ಬೆಳಗಿನ ತಿಂಡಿ ಕೊಟ್ಟು, ವಾರಕ್ಕೊಂದು ದಿನ ರಜೆ ಕೊಡುವುದು ಉಪಕಾರವಲ್ಲ, ನ್ಯಾಯ. ಅದೂ ರೋಗ ತಡೆಯುವ ಕೆಲಸವೇ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 60 ಮತಗಟ್ಟೆ ಪ್ರದೇಶಗಳಿಂದ ಸಾವಿರ ಮಂದಿಯನ್ನು ಆರಿಸಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಪ್ರದೇಶಗಳಲ್ಲಿ ನೆರೆಹೊರೆಯವರೇ ಗುಂಪು ಕಟ್ಟಿಕೊಂಡು, ತಮ್ಮೊಳಗಿನ ಒಬ್ಬರ ಮುಂದಾಳತ್ವದಲ್ಲಿ ಊಟ ನಡಿಗೆಗಳನ್ನು ತಿದ್ದಿಕೊಳ್ಳಲು ಯತ್ನಿಸಿದರು. 2018ರಲ್ಲಿ ಬಂದ ವರದಿ ಪ್ರಾಮಾಣಿಕವಾಗಿದೆ: ಎರಡು ವರ್ಷಗಳಲ್ಲಿ ಮಧುಮೇಹ ಖಚಿತವಾಗಿ ಇಳಿಯಿತೆಂದು ಹೇಳಲಾಗಲಿಲ್ಲ, ಆದರೆ ಅಪಾಯದ ಲಕ್ಷಣಗಳು ಕಡಿಮೆಯಾದವು. ಇದನ್ನು ಓದಿದಾಗ ನನಗೆ ನಮ್ಮ ಕಿರು ಕ್ರೈಸ್ತ ಸಮುದಾಯಗಳು ನೆನಪಾದವು. ನೆರೆಹೊರೆಯ ಮನೆಗಳು ಸೇರಿ ವಾಕ್ಯ ಓದುವ, ಒಬ್ಬರ ಕಷ್ಟ ಮತ್ತೊಬ್ಬರಿಗೆ ತಿಳಿದಿರುವ ಗುಂಪುಗಳು ನಮ್ಮಲ್ಲಿ ಈಗಾಗಲೇ ಇವೆ. ಒಬ್ಬರೇ ಮಾಡಲಾಗದ್ದನ್ನು ಹತ್ತು ಮನೆ ಸೇರಿ ಮಾಡಬಹುದು.

ಪ್ರೀತಿಯ ಹೆಸರಿನ ಸಿಹಿ

ಇನ್ನೊಂದು ತೊಡಕಿದೆ. ನಮ್ಮಲ್ಲಿ ಪ್ರೀತಿ ತಟ್ಟೆಯ ಮೇಲೆಯೇ ಬರುತ್ತದೆ. ಬೇಡ ಎಂದರೆ ಅತಿಥಿಗೆ ಅಹಂಕಾರ, ಕೊಡದಿದ್ದರೆ ಮನೆಯವರಿಗೆ ಅವಮಾನ. ಮನೆ ಆಶೀರ್ವಾದಕ್ಕೆ ಹೋಗುವ ಗುರುಗಳೂ ಇದರಲ್ಲಿ ಪಾಲುಗಾರರು. ನನ್ನ ರಕ್ತಪರೀಕ್ಷೆಯ ಚೀಟಿಯೂ ಈಗ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿದೆ. ಆದರೆ ಆತಿಥ್ಯದ ತಿರುಳು ಸಕ್ಕರೆಯಲ್ಲ, ಬಂದವನ ಒಳಿತು. ರೋಗಿಗೆ "ಇವತ್ತೊಂದು ದಿನ ಏನಾಗಲ್ಲ, ತಗೊಳ್ಳಿ" ಎಂದು ಒತ್ತಾಯಿಸುವುದು ಅವನನ್ನು ಪ್ರೀತಿಸಿದಂತಲ್ಲ, ನಮ್ಮ ಸಂತೋಷವನ್ನು ಪ್ರೀತಿಸಿದಂತೆ. ಹಾಗೆಂದು ಹಬ್ಬವನ್ನು ಕೊಲ್ಲಬೇಕಾಗಿಲ್ಲ. ಯೇಸುಸ್ವಾಮಿ ಕಾನಾ ಊರಿನ ಮದುವೆಗೂ ಹೋದರು, ಅರಣ್ಯದಲ್ಲಿ ನಲವತ್ತು ದಿನ ಉಪವಾಸವನ್ನೂ ಮಾಡಿದರು. ದಿನವೂ ಹಬ್ಬ ಮಾಡುವವನಿಗೆ ಕ್ರಿಸ್ಮಸ್ಸಿನ ಕಜ್ಜಾಯವೂ ರುಚಿಸುವುದಿಲ್ಲ.

ದೇಹದ ಕಾಳಜಿ ಲೌಕಿಕ ವಿಷಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಂತ ಪೌಲರಿಗೆ ದೇಹ ಪವಿತ್ರಾತ್ಮರ ದೇಗುಲ. ತಮ್ಮ ದೇಹವನ್ನು ಕತ್ತೆ ಸಹೋದರ ಎಂದು ಕರೆದು ಕಠಿಣವಾಗಿ ದುಡಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರು ಕೊನೆಗಾಲದಲ್ಲಿ ಅದರ ಕ್ಷಮೆ ಕೇಳಿದರೆಂದು ಅವರ ಸಂಗಡಿಗರ ಕಥನ ಹೇಳುತ್ತದೆ. ಗಂಟೆಗಟ್ಟಲೆ ಕನ್ನಡಿಯ ಮುಂದೆ ಮೈ ತಿದ್ದುವುದು ಬೇರೆ. ಪರರ ಸೇವೆಗೆ ಮೈ ಗಟ್ಟಿಯಾಗಿರಲಿ ಎಂದು ನಡೆಯುವುದು ಬೇರೆ.

ನಾವು ಏನು ಮಾಡಬಹುದು?

ಮೊದಲನೆಯದಾಗಿ, ಮೂವತ್ತು ದಾಟಿದವರು ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಲಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಸೌಲಭ್ಯವಿದೆ. ಬಸುರಿಯರ ಊಟ ಮತ್ತು ಪರೀಕ್ಷೆ ಮನೆಯ ಎಲ್ಲರ ಹೊಣೆಯಾಗಲಿ. ಎಲ್ಲರೂ ಉಂಡ ಮೇಲೆ ಅವರು ಉಣ್ಣುವ ಪದ್ಧತಿ ನಿಲ್ಲಲಿ.

ಎರಡನೆಯದಾಗಿ, ಧರ್ಮಕೇಂದ್ರದ ಕೂಟಗಳಲ್ಲಿ ಸಕ್ಕರೆಯಿಲ್ಲದ ಕಾಫಿಯೂ ಇರಲಿ, ಹಬ್ಬದೂಟದಲ್ಲಿ ಕೋಸಂಬರಿ, ಸೊಪ್ಪಿನ ಪಲ್ಯ ಇರಲಿ. ಹುರುಳಿ, ಅವರೆ, ಬಸ್ಸಾರು ನಮ್ಮ ನಾಡಿನವೇ, ದುಬಾರಿಯೂ ಅಲ್ಲ. ಮುದ್ದೆ ಒಳ್ಳೆಯದು, ಆದರೆ ಅಳತೆ ಮೀರಿದರೆ ಅದೂ ಸಕ್ಕರೆ ಏರಿಸುತ್ತದೆ.

ಮೂರನೆಯದಾಗಿ, ಶುಕ್ರವಾರದ ವ್ರತ ಮಾಂಸ ಬಿಟ್ಟು ಬಜ್ಜಿ ಬೋಂಡ ತಿನ್ನುವುದಕ್ಕೆ ಇಳಿಯದಿರಲಿ. ಬಿಟ್ಟದ್ದರ ಹಣ ಬಡವರ ತಟ್ಟೆಗೆ ತರಕಾರಿಯಾಗಿ ಹೋಗಲಿ. ಆದರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ರೋಗಿಗಳನ್ನು ಧರ್ಮಸಭೆ ಉಪವಾಸಕ್ಕೆ ಬಲವಂತ ಮಾಡುವುದಿಲ್ಲ.

ನಾಲ್ಕನೆಯದಾಗಿ, ಕೂಡಿ ನಡೆಯಿರಿ. ಗಂಡ ಹೆಂಡತಿ ಜಪಸರ ಹಿಡಿದು ಅರ್ಧ ಗಂಟೆ ನಡೆದರೆ ಪ್ರಾರ್ಥನೆಯೂ ಆಯಿತು, ಮಾತುಕತೆಯೂ ಆಯಿತು. ಒಬ್ಬರಿಗೆ ಬಿಡುವಿಲ್ಲದಿದ್ದರೆ ಮನೆಗೆಲಸದಲ್ಲಿ ಮತ್ತೊಬ್ಬರು ಕೈಜೋಡಿಸಲಿ.

ಕೊನೆಗೆ, ರೋಗ ಬಂದವರನ್ನು ದೂರಬೇಡಿ. "ಆಗಲೇ ಹೇಳಿದ್ದೆ" ಎಂಬ ಮಾತು ಯಾರ ಗಾಯವನ್ನೂ ಮಾಯಿಸಿಲ್ಲ.

ಪ್ರವಾದಿ ಎಲೀಯ ಬದುಕು ಸಾಕೆಂದು ಪೊದೆಯ ಕೆಳಗೆ ಮಲಗಿದ್ದಾಗ ದೇವದೂತ ಬಂದು ಅವನ ತಪ್ಪುಗಳ ಪಟ್ಟಿ ಓದಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ಊಟಮಾಡು, ದಾರಿ ದೂರವಿದೆ ಎಂದ. ಎಲೀಯ ಉಂಡ, ಎದ್ದ, ಹೋರೇಬ್ ಬೆಟ್ಟದವರೆಗೆ ನಡೆದ. ಸಾಕಷ್ಟು ಊಟ, ನಡೆಯಲು ಒಂದು ದಾರಿ, ಎಬ್ಬಿಸಲು ಒಬ್ಬರು. ಪ್ರತಿಯೊಬ್ಬ ರೋಗಿಗೂ ಬೇಕಾದದ್ದು ಇಷ್ಟೇ.

ಮುಂದಿನ ತಿಂಗಳು ಆ ಮನೆಗೆ ಮತ್ತೆ ಹೋದೆ. ಹೋದ ಸಲ ನಾನು ಕೊಟ್ಟ ಉತ್ತರ ಸರಿಯಿರಲಿಲ್ಲವೆಂದು ಹೇಳಿ, ಇಲ್ಲಿ ಬರೆದದ್ದನ್ನು ಸರಳವಾಗಿ ತಿಳಿಸಿದೆ. "ಶಿಕ್ಷೆ ಅಲ್ಲ ಯಜಮಾನರೇ. ಆದರೆ ಉಳಿದ ಕಾಲನ್ನು ದೇವರು ನಿಮಗೆ ಒಪ್ಪಿಸಿದ್ದಾರೆ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಭಯಕ್ಕೆ ಬೈತೀನಿ ಸ್ವಾಮಿ. ಇವರು ಹೋದ್ರೆ ನನಗ್ಯಾರು?" ಆಮೇಲೆ ಕಾಫಿ ಬಂತು. ತಟ್ಟೆ ಬರಲಿಲ್ಲ. ಒಂದು ಗುಟುಕು ಕುಡಿದು ನೋಡಿದೆ, ಸಕ್ಕರೆ ಇರಲಿಲ್ಲ. "ಇವತ್ತಿಂದ ಈ ಮನೇಲಿ ಎಲ್ಲರಿಗೂ ಒಂದೇ ಕಾಫಿ, ನಿಮಗೂ ಸೇರಿ" ಎಂದರು ಆಕೆ.

ರೋಗಿಗಳನ್ನು ಮುಟ್ಟಿ ಎಬ್ಬಿಸಿದ ಪ್ರಭು ಯೇಸು ನಮ್ಮ ಮನೆಗಳನ್ನು ಆಶೀರ್ವದಿಸಲಿ. ತೀರ್ಪು ಕೊಡದ ನಾಲಗೆಯನ್ನು, ಮಿತಿಯರಿತ ಹಸಿವನ್ನು, ಮತ್ತೊಬ್ಬರಿಗಾಗಿ ನಡೆಯುವ ಕಾಲುಗಳನ್ನು ನಮಗೆ ಕರುಣಿಸಲಿ.